ಮೌನಿಗಳ ಮನೆಯ ಹಿಂದಿನ ಕಲ್ಲು

ಐದು ವರ್ಷಕ್ಕೂ ಹಿಂದೆ ಊರು ಬಿಟ್ಟುಹೋಗಿದ್ದ ಲಾಮಿಸ್ಕ ಸತ್ತ ಸುದ್ದಿ ತಂದ ನಾವಿಕ ಅವನ ತಾಯಿ ಫಿಲಿನ್ನಾಳ ಮನೆಯನ್ನು ಯಾರನ್ನೂ ಕೇಳದೆ ಹುಡುಕಿಕೊಂಡು ಬಂದಿದ್ದ. ಲೋಕ್ರಿ ಪಟ್ಟಣದಲ್ಲಿ ಆ ಹೆಸರಿನವರು ಕಡಿಮೆಯೆಂದರೂ ಆರು ಜನ. ಅವಳ ಮನೆ ಇದ್ದದ್ದು ಕುಂಬಾರಗೇರಿಯ ಹಿಂದೆ, ಊರಿನವರೇ ದಾರಿ ತಪ್ಪುವಂಥ ಸಂದಿಯಲ್ಲಿ. ಆದರೂ ಅವನು ನೆಟ್ಟಗೆ ಬಂದು ಬಾಗಿಲು ಬಡಿದು, "ಮೆಟಪೊಂಟಿಯಲ್ಲಿ ನಿನ್ನ ಮಗ ತೀರ್ಕೊಂಡ ಕಣಮ್ಮ. ಮೌನಿಗಳ ಮನೆ ಹಿಂದೆ ಗೋರಿ ಐತೆ, ಹೋಗಿ ನೋಡು" ಎಂದು ಹೇಳಿ, ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಹೊರಟ. ಹಿಂದೆಯೇ ಓಡಿ, ಯಾವಾಗ ಎಂದು ಕೇಳಿದ್ದಕ್ಕೆ ಒಂದೂವರೆ ವರ್ಷವಾಯಿತು ಎಂದ.

ಬೇರೆ ತಾಯಿಯಾಗಿದ್ದರೆ ಅಲ್ಲೇ ಕುಸಿದು ಕೂತು ಬಾಯಿ ಬಡಿದುಕೊಳ್ಳುತ್ತಿದ್ದಳು. ಫಿಲಿನ್ನಾಳಿಗೆ ಅಳುವಿಗಿಂತ ಮೊದಲು ಅನುಮಾನ ಬಂತು. ಅವಳ ಸ್ವಭಾವವೇ ಅಂಥದ್ದು. ಹೆಣವಿರುವ ಕೋಣೆಗೆ ಹತ್ತಿರದ ನೆಂಟರನ್ನು ಬಿಟ್ಟರೆ ಅರವತ್ತು ದಾಟಿದ ಹೆಂಗಸರು ಮಾತ್ರ ಕಾಲಿಡಬಹುದಾದ್ದರಿಂದ, ಅವಳಿಗೆ ಅರವತ್ತು ತುಂಬಿದ ದಿನದಿಂದ ಇಡೀ ಕೇರಿಯ ಹೆಣ ತೊಳೆಯುವ ಕೆಲಸ ಅವಳ ತಲೆಗೇ ಬಿದ್ದಿತ್ತು. ತೊಳೆಯುವ ಮೊದಲು ಅವಳು ಮೂಗಿನ ಹತ್ತಿರ ಹಕ್ಕಿಯ ಪುಕ್ಕ ಹಿಡಿದು ಮೂರು ಸಲ ನೋಡುತ್ತಿದ್ದಳು. "ಫಿಲಿನ್ನಕ್ಕ ಒಪ್ಪೋವರೆಗೂ ಯಾರೂ ಸಾಯೋ ಹಾಗಿಲ್ಲ" ಎಂದು ಕೇರಿಯವರು ನಗುತ್ತಿದ್ದರು. ಅಂಥವಳಿಗೆ, ಒಂದೂವರೆ ವರ್ಷ ಸುಮ್ಮನಿದ್ದ ಸಾವು ಈಗ ಯಾಕೆ ಬಾಯಿಬಿಟ್ಟಿತು, ಆ ನಾವಿಕನಿಗೆ ನನ್ನ ಬಾಗಿಲು ತೋರಿಸಿದವರು ಯಾರು ಎಂಬ ಎರಡು ಪ್ರಶ್ನೆ ಮೆಟಪೊಂಟಿಗೆ ಹೊರಟ ಹಡಗಿನಲ್ಲಿ ಆರು ದಿನವೂ ನಿದ್ದೆ ಮಾಡಗೊಡಲಿಲ್ಲ.

ಮೆಟಪೊಂಟಿಯ ಬಂದರಿನ ಹತ್ತಿರ ಮೀಕಾ ಎಂಬಾಕೆ ಪ್ರಯಾಣಿಕರಿಗೆ ಊಟ, ಹಾಸಿಗೆ ಕೊಡುತ್ತಿದ್ದಳು. ದಪ್ಪ ಹೆಂಗಸು, ಬಾಯಿಗೆ ಬೀಗವಿಲ್ಲ. ಮೌನಿಗಳ ಮನೆ ಎಲ್ಲಿ ಎಂದು ಕೇಳಿದ್ದೇ ತಡ, ಹಿಟ್ಟು ಕಲಸುತ್ತಿದ್ದ ಕೈಯನ್ನು ಹಾಗೇ ಬಿಟ್ಟು ಶುರು ಮಾಡಿದಳು.

"ಅಯ್ಯೋ ಅಕ್ಕ, ಅವರ ಕಥೆ ಕೇಳ್ಬೇಡ. ನಲವತ್ತು ಜನ ಒಂದೇ ಸೂರಿನ ಕೆಳಗೆ. ಬಿಳೀ ನಾರುಬಟ್ಟೆ, ಉಣ್ಣೆ ಮುಟ್ಟಲ್ಲ. ಮಾಂಸ ಇಲ್ಲ. ಅವರೆಕಾಳು ಕಂಡ್ರೆ ದೆವ್ವ ಕಂಡಂಗೆ ಆಡ್ತಾರೆ. ಸೇರ್ಕೊಂಡೋನು ಐದು ವರ್ಷ ತುಟಿ ಪಿಟಕ್ಕನ್ನೋ ಹಂಗಿಲ್ಲ. ಐದು ವರ್ಷ! ನನ್ನಂಥವಳು ಐದು ದಿನಕ್ಕೇ ಹೊಟ್ಟೆ ಒಡ್ಕೊಂಡು ಸಾಯ್ತಿದ್ದೆ."

"ಮಾತಾಡ್ದೆ ಏನ್ ಮಾಡ್ತಾರೆ?"

"ಆತ್ಮ ತೊಳೀತಾರಂತೆ. ನನ್ನ ಗಂಡನ್ನ ಕೇಳ್ದೆ, ನಿನ್ನ ಆತ್ಮ ಎಲ್ಲೈತೆ ಅಂತ. ಹೊಟ್ಟೆ ತಟ್ಟಿ ತೋರಿಸ್ದ. ಅವನದ್ದು ಅಲ್ಲೇ ಇರ್ಬೇಕು ಬಿಡು." ಆಮೇಲೆ ಮೀಕಾ ದನಿ ತಗ್ಗಿಸಿದಳು. "ಆದ್ರೆ ಅಕ್ಕ, ಊರಿನ ಸಭೇಲಿ ಅವರು ಹೇಳಿದ್ದೇ ನಡೀತದೆ. ಮೌನಿಗಳು ಅಂತ ಹೆಸರು, ಆಡಳಿತ ಎಲ್ಲ ಅವರದ್ದೇ. ಜನಕ್ಕೆ ಹೊಟ್ಟೆ ಉರೀತಾ ಐತೆ. ಒಂದು ನೆಪ ಸಿಕ್ಕಿದ್ರೆ ಆ ಮನೆ ಉಳಿಯಲ್ಲ."

ಮಾರನೆಯ ಬೆಳಿಗ್ಗೆ ಫಿಲಿನ್ನಾ ತನ್ನೂರಿನ ಪದ್ಧತಿಯಂತೆ, ಸಾವಿನ ಮನೆಗೆ ಬರಿಗೈಲಿ ಹೋಗಬಾರದೆಂದು, ಒಂದು ಮಡಕೆ ಅವರೆಕಾಳು ಬೇಯಿಸಿಕೊಂಡು ಹೊರಟಳು. ಮೀಕಾ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಅವರು ನಿಜವಾಗಿ ಹೆದರುತ್ತಾರೋ ಇಲ್ಲವೋ ನೋಡಬೇಕಾಗಿತ್ತು. ಊರ ಹೊರಗೆ, ಜವೆಗೋಧಿಯ ಹೊಲಗಳ ಅಂಚಿನಲ್ಲಿ ಉದ್ದನೆಯ ಮನೆ. ಬಾಗಿಲು ತೆರೆದ ತರುಣ ಮಡಕೆಯೊಳಗೆ ಇಣುಕಿದವನೇ ಕೆಂಡ ತುಳಿದವನ ಹಾಗೆ ಹಿಂದಕ್ಕೆ ಹಾರಿದ. ಹಿಂದಿದ್ದ ಇಬ್ಬರು ಗೋಡೆಗೆ ಆತುಕೊಂಡರು. ಯಾರ ಬಾಯಿಂದಲೂ ಒಂದು ಶಬ್ದವಿಲ್ಲ, ಕೈಸನ್ನೆಯೊಂದೇ: ಹೊರಗಿಡು, ಹೊರಗಿಡು. ಅವಳು ಮಡಕೆಯನ್ನು ಹೊಸಿಲಾಚೆ ಇಟ್ಟಳು. ಕಾಳಿಗೆ ಇಷ್ಟು ಹೆದರುವವರು ಮನುಷ್ಯನಿಗೆ ಏನು ಮಾಡಲೂ ಹೇಸಲಾರರು ಎಂದುಕೊಂಡಳು.

ಒಳಗಿನಿಂದ ದೆಕ್ಸಿಯಾಸ್ ಬಂದ. ಆ ಮನೆಯ ಹಿರಿಯ. ಐವತ್ತೈದರ ಆಸುಪಾಸು, ಸಣಕಲು, ನೀಟಾಗಿ ಬಾಚಿದ ಬಿಳಿ ಗಡ್ಡ. ಮೌನದ ವರ್ಷಗಳನ್ನು ಎಂದೋ ಮುಗಿಸಿದ್ದವನಾದ್ದರಿಂದ ಮಾತಾಡುತ್ತಿದ್ದ, ಆದರೆ ಒಂದೊಂದೇ ಮಾತನ್ನು ತೂಗಿ ಆಡುತ್ತಿದ್ದ. ಫಿಲಿನ್ನಾಳಿಗೆ ಅಳೆದು ಮಾತಾಡುವವರನ್ನು ಕಂಡರೆ ಮೊದಲಿಂದಲೂ ಆಗದು. ಅವಳು ಯಾರೆಂದು ತಿಳಿದಾಗ ಅವನ ಕೈ ಒಮ್ಮೆ ನಡುಗಿತು. ಅವಳು ಅದನ್ನೂ ಗುರುತು ಹಾಕಿಕೊಂಡಳು.

ಅವನು ಅವಳನ್ನು ಅಂಗಳ ದಾಟಿಸಿ ಹಿತ್ತಿಲಿಗೆ ಕರೆದುಕೊಂಡು ಹೋದ. ಅಂಗಳದಲ್ಲಿ ಎರಡೂ ಕಾಲು ಸ್ವಾಧೀನವಿಲ್ಲದ ಮುದುಕನೊಬ್ಬ ಚಾಪೆಯ ಮೇಲೆ ಬಿಸಿಲಿಗೆ ಕೂತಿದ್ದ. ಹೆಂಗಸೊಬ್ಬಳು ಅವನಿಗೆ ಗಂಜಿ ಕುಡಿಸುತ್ತಿದ್ದಳು. ಹಿತ್ತಿಲಲ್ಲಿ, ಅಂಜೂರದ ಮರಗಳ ಆಚೆ, ಮೊಣಕಾಲೆತ್ತರದ ಕಲ್ಲು. 'ಲಾಮಿಸ್ಕ, ಲೋಕ್ರಿಯವನು' ಎಂದಷ್ಟೇ ಕೆತ್ತಿತ್ತು.

ಅವಳು ಕಲ್ಲಿನ ಮೇಲೆ ಕೈಯಿಟ್ಟಳು. ಕೈ ತೆಗೆಯದೆ ಕೇಳಿದಳು: "ಹೆಂಗೆ ಸತ್ತ?"

"ಇದರ ಕೆಳಗೆ ಏನೂ ಇಲ್ಲ, ತಾಯಿ."

"ಏನೂ ಇಲ್ಲ ಅಂದ್ರೆ?"

"ನಮ್ಮಲ್ಲಿ ಒಂದು ಕಟ್ಟಳೆ. ದಾರಿ ಬಿಟ್ಟು ಹೋದೋರಿಗೆ ಕಲ್ಲು ನಿಲ್ಲಿಸ್ತೀವಿ. ಆಮೇಲೆ ಅವರು ನಮಗಿಲ್ಲ. ನಿಮ್ಮ ಮಗ ಮೌನ ಮುರಿದ. ಮೂರು ವರ್ಷ ಎಂಟು ತಿಂಗಳಾಗಿತ್ತು. ಒಂದು ದಿನ ಸೌದೆ ರಾಶಿ ಹತ್ರ ನನ್ನ ಕಾಲ ಬುಡದಲ್ಲಿ ಹಾವಿತ್ತು. 'ಹಾವು!' ಅಂತ ಕೂಗಿದ. ಅಷ್ಟೆ."

ಫಿಲಿನ್ನಾ ಅವನ ಮುಖವನ್ನೇ ನೋಡಿದಳು. "ಅಂದ್ರೆ ನಿನ್ನ ಜೀವ ಉಳಿಸಿದ್ದಕ್ಕೆ ಅವನಿಗೆ ಗೋರಿ ಕಟ್ಟಿದ್ರಿ."

"ಅವತ್ತು ಕಚ್ಚಿದ್ರೆ ನನಗೆ ಹೋಗ್ತಿದ್ದದ್ದು ಒಂದು ದೇಹ. ಇನ್ನೊಂದು ಸಿಗ್ತಿತ್ತು. ಎಷ್ಟೋ ದೇಹ ದಾಟ್ಕೊಂಡು ಬಂದಿದೀವಿ, ಎಷ್ಟೋ ದಾಟ್ಬೇಕು. ಮಾತು ಅನ್ನೋದು ಆತ್ಮ ಸೋರಿಹೋಗೋ ತೂತು, ತಾಯಿ. ನಾಲ್ಕು ವರ್ಷ ಹತ್ರತ್ರ ಮುಚ್ಚಿಟ್ಟಿದ್ದನ್ನ ಅವನು ಒಂದು ಗಳಿಗೇಲಿ ಚೆಲ್ಲಿಬಿಟ್ಟ. ಈ ಮೈ ಇದೆಯಲ್ಲ, ಇದೇ ಗೋರಿ. ಆತ್ಮ ಇದರೊಳಗೆ ಹೂತುಹೋಗಿದೆ. ಎದ್ದು ಬರೋಕೆ ಹೊರಟಿದ್ದೋನು ಮತ್ತೆ ಒಳಗೇ ಬಿದ್ದ. ಅವನ ಮೈ ಎಲ್ಲೋ ತಿರುಗಾಡ್ತಿರಬಹುದು. ಅವನು ತೀರ್ಕೊಂಡ."

"ಹಂಗಾದ್ರೆ ಒಂಬತ್ತು ತಿಂಗಳು ನಾನು ಹೊಟ್ಟೇಲಿಟ್ಕೊಂಡಿದ್ದು ಗೋರಿನೇನಯ್ಯಾ? ನಾನು ಹಾಲು ಕುಡಿಸಿದ್ದು ಗೋರಿಗಾ?"

ದೆಕ್ಸಿಯಾಸ್ ತನ್ನ ಕೈಯನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡ.

"ಅವನು ಎಲ್ಲಿದಾನೆ ಹೇಳು. ನಾನೇ ಹೋಗಿ ನೋಡ್ತೀನಿ."

"ಸತ್ತೋರ ವಿಚಾರ ನಾವು ಮಾತಾಡಲ್ಲ. ಇಷ್ಟು ಹೇಳಿದ್ದೇ ಹೆಚ್ಚು. ನಂಬಿಕೆ ಇಲ್ದಿದ್ರೆ ಅಗೆದು ನೋಡಿ. ಬರೀ ಮಣ್ಣು ಸಿಗ್ತದೆ."

ಎಂಥ ಕಥೆ! ಕೊಂದವರಿಗೆ ಇದಕ್ಕಿಂತ ಅನುಕೂಲದ ಧರ್ಮ ಬೇಕೆ? ಹೆಣ ಸಿಕ್ಕರೆ ಸತ್ತ ಎನ್ನಬಹುದು, ಸಿಗದಿದ್ದರೆ ತಿರುಗಾಡುತ್ತಿದ್ದಾನೆ ಎನ್ನಬಹುದು. ಎರಡೂ ಕಡೆ ಬಾಗಿಲಿಟ್ಟ ಮನೆಯಲ್ಲಿ ಕಳ್ಳನನ್ನು ಹಿಡಿಯುವುದು ಹೇಗೆ? ಹಾವಿನ ಮಾತನ್ನು ಫಿಲಿನ್ನಾ ಒಂದಿಷ್ಟೂ ನಂಬಲಿಲ್ಲ. ಜೀವ ಉಳಿಸಿದವನನ್ನು ಹೊರಗೆ ಹಾಕುವ ಮನುಷ್ಯರು ಭೂಮಿಯ ಮೇಲೆ ಇರಲಾರರು ಎಂದೇ ಅವಳ ಎಣಿಕೆ. ಆ ವಿಷಯದಲ್ಲಿ ಅವಳಷ್ಟು ಅನುಮಾನದವಳೂ ಮನುಷ್ಯರ ಬಗ್ಗೆ ಬಹಳ ಒಳ್ಳೆಯದನ್ನೇ ಎಣಿಸಿದ್ದಳು.

ಅವಳು ಮೀಕಾಳ ಮನೆಗೆ ಬಂದಾಗ ಅಂಗಳದಲ್ಲಿ ಒಬ್ಬ ಕಾಯುತ್ತಿದ್ದ. ಫ್ರೀನೋನ್, ಸಭೆಯಲ್ಲಿ ಮೌನಿಗಳಿಗೆ ಎದುರು ಕೂರುವ ಪಂಗಡದ ಮುಂದಾಳು. ಎತ್ತರದ ಆಳು, ಜೇನು ಸುರಿಯುವ ನಾಲಿಗೆ. ಅವಳ ಕಾಲು ಮುಟ್ಟುವುದೊಂದು ಬಾಕಿ.

"ತಾಯೀ, ನಿಮ್ಮ ಸಂಕಟ ನೋಡಿ ನನ್ನ ಕರುಳು ಕಿತ್ತು ಬರ್ತಿದೆ. ನಿಮ್ಮ ಮಗ ಚಿನ್ನದಂಥ ಹುಡುಗ. ಅವರ ಗುಟ್ಟು ತಿಳ್ಕೊಂಡ, ಮುಗಿಸ್ಬಿಟ್ರು."

"ನೀವು ನೋಡಿದ್ರಾ?"

"ನೋಡಿದೋರು ಇದಾರೆ. ಆದ್ರೆ ಸಾಕ್ಷಿ ಮಣ್ಣಿನ ಕೆಳಗಿದೆ. ಈ ಊರಲ್ಲಿ ಗೋರಿ ಮುಟ್ಟೋದು ಮೈಲಿಗೆ, ಅಪರಾಧ. ಹೆತ್ತವಳು ಇಲ್ಲ ಒಡಹುಟ್ಟಿದೋರು ಬಂದು ಕೇಳಿದ್ರೆ ಮಾತ್ರ ತೆಗೀಬಹುದು. ಅದೂ ಅವರ ಕೈಯಾರೆ. ನೀವು ಬಂದಿದ್ದು ದೇವರೇ ಕಳಿಸಿದಂಗಾಯ್ತು."

"ದೇವರು ಕಳಿಸಿದ್ದಲ್ಲ, ನಾವಿಕ ಕಳಿಸಿದ್ದು" ಎಂದಳು ಫಿಲಿನ್ನಾ. "ಅವನ್ನ ಕಳಿಸಿದ್ಯಾರು ಗೊತ್ತಾ ನಿಮಗೆ?"

ಫ್ರೀನೋನ್ ಕಣ್ಣು ಮಿಟುಕಿಸಿದ. ಪಾಪ, ಯಾವನೋ ಪುಣ್ಯಾತ್ಮ ಇರಬೇಕು ಎಂದ. ಅವನು ಹೋದ ಮೇಲೆ ಮೀಕಾ ಮೂಗು ಮುರಿದಳು. "ಇವನು ಯಾರಿಗಾದ್ರೂ ಅತ್ತಿದ್ದು ನಾನು ಇವತ್ತೇ ನೋಡಿದ್ದು ಕಣಕ್ಕ."

ಫಿಲಿನ್ನಾ ಫ್ರೀನೋನನನ್ನೂ ನಂಬಲಿಲ್ಲ, ದೆಕ್ಸಿಯಾಸನನ್ನೂ ನಂಬಲಿಲ್ಲ. ಆದರೆ ಮಗ ಇದ್ದಾನೋ ಇಲ್ಲವೋ ಎಂಬುದು ಈಗ ಮೂರಡಿ ಮಣ್ಣಿನ ಕೆಳಗಿತ್ತು. ಮೂಳೆ ಸಿಕ್ಕರೆ ಕೊಂದಿದ್ದಾರೆ. ಸಿಗದಿದ್ದರೆ ಎಲ್ಲೋ ಉಸಿರಾಡುತ್ತಿದ್ದಾನೆ. ಅವಳು ಹೋಗಿ ಸಭೆಯವರ ಮುಂದೆ ಕೇಳಿಕೊಂಡಳು. ದೆಕ್ಸಿಯಾಸ್ ಅಲ್ಲಿಯೂ ಎಲ್ಲರೆದುರು ಅದನ್ನೇ ಹೇಳಿದ: ತೆಗೆಯಲಿ, ಒಳಗೆ ಏನೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಎಂದು ಗೊತ್ತಾಯಿತು. ಈ ನಡುವಿನ ಎರಡು ರಾತ್ರಿ ಆ ಹಿತ್ತಿಲನ್ನು ಕಾಯುವವರು ಯಾರೆಂದು ಕೇಳುವುದು ಅವಳಿಗೂ ಹೊಳೆಯಲಿಲ್ಲ, ಹೆಣಗಳ ವಿಷಯದಲ್ಲಿ ಅಷ್ಟು ಹುಷಾರಾಗಿದ್ದವಳಿಗೆ.

ಮೂರನೆಯ ದಿನ ಅವಳು ಗುದ್ದಲಿ ಹಿಡಿದು ಹೋದಾಗ ಹಿತ್ತಿಲ ತುಂಬ ಜನ. ಬೇಲಿ ತುಳಿದು ಒಳಬಂದಿದ್ದರು. ಬಿಸಿಲಿನ್ನೂ ಚುರುಗುಟ್ಟುತ್ತಿತ್ತು, ಆದರೆ ಇಪ್ಪತ್ತು ಮೂವತ್ತು ಕೈಗಳಲ್ಲಿ ಉರಿಯುವ ಪೈನ್ ಮರದ ಪಂಜುಗಳಿದ್ದವು. ಬೇಲಿಯ ಬುಡದಲ್ಲಿ ಹಡಗಿಗೆ ಬಳಿಯುವ ರಾಳದ ಮಡಕೆಗಳನ್ನು ಸಾಲಾಗಿ ಇಟ್ಟಿದ್ದರು. ಹಾಡುಹಗಲಲ್ಲಿ ಪಂಜು ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಮೌನಿಗಳ ಮನೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಚಿಲಕ ಹಾಕಿಕೊಂಡು ನಲವತ್ತು ಜನ ಉಸಿರು ಬಿಗಿಹಿಡಿದಿದ್ದರು.

ಅವಳು ಅಗೆದಳು. ನಾಲ್ಕು ಏಟಿಗೇ ತಿಳಿಯಿತು: ಮಣ್ಣು ಸಡಿಲ. ಒಂದೂವರೆ ವರ್ಷದ ಮಳೆ ಕುಡಿದ ನೆಲ ಗುದ್ದಲಿಗೆ ಹೀಗೆ ಬಾಯಿಬಿಡುವುದಿಲ್ಲ. ಅನುಮಾನ ಅಲ್ಲೇ ಹೆಡೆಯೆತ್ತಿತು, ಆದರೆ ಕೈ ನಿಲ್ಲಲಿಲ್ಲ. ಮೊಣಕಾಲುದ್ದ ಇಳಿದಾಗ ಗುದ್ದಲಿಯ ಬಾಯಿಗೆ ಏನೋ ಕಟಕ್ಕೆಂದಿತು. ಅವಳು ಗುದ್ದಲಿ ಎಸೆದು ಬೆರಳಿನಿಂದ ಕೆದಕಿದಳು. ಕಂದು ಬಣ್ಣದ ಮೂಳೆ. ಆಮೇಲೆ ಪಕ್ಕೆಲುಬು. ಆಮೇಲೆ ತಲೆ.

ಜನ ಹೋ ಎಂದು ಕೂಗಿದರು. "ಏನೂ ಇಲ್ಲ ಅಂದಿದ್ನಲ್ಲ, ಕಳ್ಳ ನನ್ನ ಮಗ!" ಎಂದು ಯಾರೋ ಅರಚಿದ. ಇಬ್ಬರು ರಾಳದ ಮಡಕೆ ಎತ್ತಿಕೊಂಡರು. ಫ್ರೀನೋನ್ ಎರಡೂ ಕೈ ಆಕಾಶಕ್ಕೆ ಚಾಚಿ, "ಹೆತ್ತ ತಾಯಿ ಹೇಳ್ಲಿ! ಒಂದು ಮಾತು, ಅವಳ ಬಾಯಿಂದ ಬರ್ಲಿ!" ಎಂದ.

ಹೇಳಬೇಕಾಗಿದ್ದು 'ಹೌದು' ಎಂಬ ಒಂದೇ ಮಾತು. ಹೇಳಿಬಿಡೋಣ ಎಂದು ಫಿಲಿನ್ನಾಳಿಗೆ ಅನ್ನಿಸಿತು. ಸುಳ್ಳು ಯಾಕೆ ಹೇಳಬೇಕು, ಆ ಅಳೆದು ಮಾತಾಡುವ ಗಡ್ಡದವನು ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸಾಯುವುದನ್ನು ನೋಡುವ ಆಸೆ ಅವಳಿಗೆ ನಿಜವಾಗಿ ಆಯಿತು. ಆದರೆ ಮೂವತ್ತು ನಲವತ್ತು ಹೆಣ ತೊಳೆದ ಕೈ ಅವಳ ಮಾತು ಕೇಳದೆ ತನ್ನ ಕೆಲಸಕ್ಕೆ ತೊಡಗಿತ್ತು. ಅದು ಎಡಗೈಯ ಮೂಳೆಗಳನ್ನು ಹುಡುಕಿ ತೆಗೆಯಿತು. ಎಡಚನಾದ ಲಾಮಿಸ್ಕ ಒಂಬತ್ತು ವರ್ಷದವನಿದ್ದಾಗ ಮಾಳಿಗೆಯಿಂದ ಬಿದ್ದು ಆ ಮುಂಗೈ ಮುರಿದುಕೊಂಡಿದ್ದ. ಕಟ್ಟು ಕಟ್ಟಿದವನು ಕುಡುಕ. ಮೂಳೆ ಕುಡುಗೋಲಿನ ಹಾಗೆ ಹೊರಕ್ಕೆ ಬಾಗಿ ಕೂಡಿಕೊಂಡಿತ್ತು. ಅವಳು ಎರಡು ಮೂಳೆಯನ್ನೂ ಉದ್ದಕ್ಕೆ ಸವರಿದಳು. ಗಂಟಿಲ್ಲ, ಸೊಟ್ಟವಿಲ್ಲ. ಬಲಗೈಯದನ್ನೂ ಸವರಿದಳು. ಅದೂ ನೆಟ್ಟಗೆ.

"ಇದು ನನ್ನ ಮಗ ಅಲ್ಲ" ಎಂದಳು.

ಗದ್ದಲ ಒಮ್ಮೆಗೇ ತಗ್ಗಿತು. ಫ್ರೀನೋನ್ ಹತ್ತಿರ ಬಂದು ಅವಳ ಭುಜ ಹಿಡಿದ. "ತಾಯೀ, ದುಃಖದಲ್ಲಿ ಕಣ್ಣು ಮಂಜಾಗಿದೆ ನಿಮಗೆ. ಇನ್ನೊಂದು ಸಲ ನೋಡಿ."

"ಕೈ ತೆಗಿ. ಹೆಣದ ಲೆಕ್ಕ ನನಗೆ ಹೇಳಿಕೊಡ್ಬೇಡ. ನನ್ನ ಮಗನ ಎಡಗೈ ಸೊಟ್ಟ. ಇದು ನೆಟ್ಟಗಿದೆ. ಇದು ಯಾವುದೋ ಹಳೇ ಗೋರಿಯ ಮೂಳೆ. ಒಳಗೆಲ್ಲ ಬೇರು ಇಳಿದಿದೆ. ಯಾರೋ ತಂದು ಹಾಕವ್ರೆ, ನಿನ್ನೆಯೋ ಮೊನ್ನೆಯೋ."

"ಹಾಗಾದ್ರೆ ನಿನ್ನ ಮಗ ಎಲ್ಲಿ?" ಫ್ರೀನೋನನ ದನಿಯ ಜೇನು ಅಷ್ಟು ಹೊತ್ತಿಗೆ ಆರಿತ್ತು. ಜನರ ಕಡೆ ತಿರುಗಿ ಕೂಗಿದ: "ಇಲ್ಲಿಲ್ಲ ಅಂದ್ರೆ ಇನ್ನೆಲ್ಲೋ ಹೂತಿದಾರೆ! ಇವರ ಹಿತ್ತಿಲಲ್ಲಿ ಈ ಹೆಣ ಯಾರದ್ದು? ಕೇಳೋರು ಬೇಡ್ವಾ?"

ಮತ್ತೆ ಗುಜುಗುಜು ಎದ್ದಿತು. ಪಂಜುಗಳು ಮುಂದೆ ಸರಿದವು. ಫಿಲಿನ್ನಾ ಗುಂಡಿಯೊಳಗಿಂದಲೇ ತಲೆಯೆತ್ತಿ ನೋಡಿದಳು. ಅಲ್ಲಿಂದ ಅವಳಿಗೆ ಮುಖಗಳಿಗಿಂತ ಕೈಗಳೇ ಚೆನ್ನಾಗಿ ಕಾಣುತ್ತಿದ್ದವು. ಸಾಲಾಗಿ ಪಂಜು ಹಿಡಿದ ಕೈಗಳು, ಎಲ್ಲ ಬಲಗೈ. ಒಂದು ಮಾತ್ರ ಎಡಗೈ. ಮೊಣಕೈಯಿಂದ ಕೆಳಗೆ ಹೊರಕ್ಕೆ ಬಾಗಿ, ಪಂಜನ್ನು ನೆಟ್ಟಗೆ ಹಿಡಿಯಲಾಗದೆ ಬೆಂಕಿಯನ್ನು ಒಂದು ಕಡೆಗೆ ವಾಲಿಸಿಕೊಂಡಿತ್ತು. ಆ ಮನುಷ್ಯ ದೊಡ್ಡ ಅಂಚಿನ ಪ್ರಯಾಣದ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದ.

ಗುಂಡಿಯಿಂದ ಹೇಗೆ ಹತ್ತಿ ಬಂದಳೋ ಅವಳಿಗೇ ತಿಳಿಯದು. ಜನರನ್ನು ತಳ್ಳಿಕೊಂಡು ಹೋಗಿ, ಆ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಳು. ಬಿಸಿಯಾಗಿತ್ತು. ಬೆರಳಿಗೆ ಆ ಹಳೆಯ ಗಂಟು ಸಿಕ್ಕಿತು.

"ಕೈ ಬಿಡವ್ವ" ಎಂದಿತು ಟೋಪಿಯ ಕೆಳಗಿನ ದನಿ, ಪಿಸುಮಾತಿನಲ್ಲಿ. "ಇನ್ನೊಂದು ಗಳಿಗೆ ಸುಮ್ನಿರು. ನಿನ್ನ ದಮ್ಮಯ್ಯ."

ಅವಳು ಬಿಡಲಿಲ್ಲ. ಇನ್ನೊಂದು ಕೈಯಿಂದ ಟೋಪಿ ಕಿತ್ತು ಹಾಕಿ, ಆ ಸೊಟ್ಟ ಕೈಯನ್ನು ಪಂಜಿನ ಸಮೇತ ಮೇಲಕ್ಕೆತ್ತಿದಳು. "ಇಲ್ಲಿದಾನೆ ನೋಡ್ರಪ್ಪ ನನ್ನ ಮಗ! ಲಾಮಿಸ್ಕ, ಲೋಕ್ರಿಯವನು! ಕಲ್ಲಿನ ಮೇಲೆ ಬರೆದಿದೆಯಲ್ಲ, ಓದ್ಕೊಳ್ಳಿ!"

ಹಿಂದಿನಿಂದ ಮೀಕಾಳ ಗಂಡನೋ ಯಾರೋ, "ಲೋ, ಸತ್ತೋನು ಪಂಜು ಹಿಡ್ಕೊಂಡು ತನ್ನ ತಿಥಿಗೆ ತಾನೇ ಬಂದವ್ನೆ!" ಎಂದ. ಒಬ್ಬ ನಕ್ಕ, ಇನ್ನೊಬ್ಬ ನಕ್ಕ. ನಗುತ್ತಾ ಮನೆಗೆ ಬೆಂಕಿಯಿಡುವುದು ಕಷ್ಟ. ರಾಳದ ಮಡಕೆ ಹೊತ್ತವರು ನಾಚಿಕೊಂಡು ಕೆಳಗಿಟ್ಟರು. ಪಂಜುಗಳನ್ನು ಗುಂಡಿಯ ಮಣ್ಣಿಗೇ ಒತ್ತಿ ಆರಿಸಿದರು. ಫ್ರೀನೋನ್‌ಗೆ ಆಗಲೇ ಬೇರೆಲ್ಲೋ ಅರ್ಜೆಂಟು ಕೆಲಸ ನೆನಪಾಗಿತ್ತು. ಅವನ ಬೆನ್ನು ಬೇಲಿಯ ಆಚೆ ಕಂಡಿತು.

ಹಿತ್ತಿಲಲ್ಲಿ ತಾಯಿ, ಮಗ ಇಬ್ಬರೇ ಉಳಿದರು. ಇವನು ಬದುಕಿದ್ದಾನೆ, ಬದುಕಿದ್ದಾನೆ ಎಂದು ಫಿಲಿನ್ನಾಳ ಮೈಯೆಲ್ಲ ಕುಣಿಯುತ್ತಿತ್ತು. ಅವನ ಕೆನ್ನೆ, ಕಿವಿ, ಕುತ್ತಿಗೆ ಸವರಿದಳು. ತುಂಬ ಇಳಿದುಹೋಗಿದ್ದ. ಕಣ್ಣು ಗುಳಿಬಿದ್ದಿತ್ತು. ಮುದ್ದಿಸಿ ಮುಗಿದ ಮೇಲೆ ಅವಳ ಸ್ವಭಾವ ವಾಪಸು ಬಂತು.

"ನಾವಿಕನ್ನ ಕಳಿಸಿದ್ದು ನೀನಾ?"

ಅವನು ತಲೆ ತಗ್ಗಿಸಿದ. "ಹೆತ್ತವಳು ಬಂದ್ರೆ ಮಾತ್ರ ಗೋರಿ ತೆಗೀಬಹುದು ಅಂತ ಫ್ರೀನೋನ್ ಹೇಳ್ದ."

"ಮೂಳೆ?"

"ಹೊಳೆಯಾಚೆ ಹಳೇ ಗೋರಿಯಿಂದ. ಮೊನ್ನೆ ರಾತ್ರಿ ತಂದ್ವಿ." ಆಮೇಲೆ ಯಾಕೋ ಅದನ್ನೂ ಹೇಳಿಬಿಟ್ಟ: "ನನ್ನ ಎತ್ತರದ್ದನ್ನೇ ಹುಡುಕಿ ತಂದೆ."

"ಅದನ್ನ ನೋಡಿ ನಾನು ಎದೆ ಒಡ್ಕೊಂಡು ಅಲ್ಲೇ ಗುಂಡೀಲಿ ಸತ್ತುಬಿದ್ದಿದ್ರೆ?"

"ನಿನಗೆ ಹೇಳೋಣ ಅಂತಿದ್ದೆ ಅವ್ವ. ಎಲ್ಲಾ ಮುಗಿದ ಮೇಲೆ."

"ಎಲ್ಲಾ ಅಂದ್ರೆ? ಒಳಗೆ ಕಾಲು ಬಾರದ ಮುದುಕ ಕೂತಿರ್ತಾನೆ, ಚಾಪೆ ಮೇಲೆ. ಗೊತ್ತಾ?"

"ಗೊತ್ತು. ಎರಡು ವರ್ಷ ನಾನೇ ಅವನಿಗೆ ಗಂಜಿ ಕುಡಿಸಿದೀನಿ." ಅವನು ಈಗ ತಲೆಯೆತ್ತಿದ. "ಹಾವು ದೆಕ್ಸಿಯಾಸನ ಹಿಮ್ಮಡಿ ಹತ್ರ ಇತ್ತವ್ವ. ಕೂಗ್ದೆ. ನೀನಾಗಿದ್ರೆ ಕೂಗ್ತಿರ್ಲಿಲ್ವಾ? ಮಾರನೇ ದಿನ ಈ ಕಲ್ಲು ನಿಲ್ಲಿಸಿದ್ರು, ನನ್ನ ಕಣ್ಣೆದುರಿಗೇ. ಅಣ್ಣತಮ್ಮಂದಿರ ಥರ ಇದ್ದೋರು, ಪೇಟೇಲಿ ಎದುರು ಬಂದ್ರೆ ನಾನು ಗಾಳಿ ಅನ್ನೋ ಹಂಗೆ ದಾಟ್ಕೊಂಡು ಹೋಗ್ತಾರೆ. ಒಂದ್ಸಲ ದೆಕ್ಸಿಯಾಸನ ಭುಜ ಹಿಡಿದು ಅಲ್ಲಾಡಿಸಿದೆ. ನಿಂತ. ನಾನು ಕೈ ಬಿಡೋವರೆಗೂ ನಿಂತಿದ್ದ, ಆಮೇಲೆ ಹೋದ. ಒಂದೂವರೆ ವರ್ಷ. ಕೊನೆಕೊನೆಗೆ ನಾನು ಇದೀನೋ ಇಲ್ವೋ ಅಂತ ಬಾವಿಗೆ ಬಗ್ಗಿ ಬಗ್ಗಿ ನೋಡ್ಕೊಳ್ತಿದ್ದೆ."

"ಮನೆಗೆ ಬರ್ಬೇಕಿತ್ತು."

"ಏನಾಗಿ ಬರ್ಲಿ?"

ಅಷ್ಟರಲ್ಲಿ ಮನೆಯ ಚಿಲಕ ತೆಗೆದ ಸದ್ದಾಯಿತು. ದೆಕ್ಸಿಯಾಸ್ ಒಬ್ಬನೇ ಹೊರಗೆ ಬಂದು ಗುಂಡಿಯ ಅಂಚಿನಲ್ಲಿ ನಿಂತ. ಮೂಳೆಗಳನ್ನು ನೋಡಿದ, ಆರಿದ ಪಂಜುಗಳನ್ನು ನೋಡಿದ, ಅವಳನ್ನು ನೋಡಿದ.

"ತಾಯಿ, ನಲವತ್ತು ಜನರ ಪರವಾಗಿ ಹೇಳ್ತೀನಿ, ನಿಮ್ಮಿಂದ ಉಳಿದ್ವಿ. ಒಳಗೆ ಬನ್ನಿ. ಜವೆಗೋಧಿ ರೊಟ್ಟಿ ಇದೆ, ಜೇನಿದೆ. ಉಂಡು ಹೋಗಿ."

"ಎಷ್ಟು ಜನಕ್ಕೆ ಬಡಿಸ್ತೀಯ?" ಎಂದಳು ಫಿಲಿನ್ನಾ. "ನಿನ್ನ ಮುಂದೆ ಎಷ್ಟು ಜನ ನಿಂತಿದೀವಿ, ಹೇಳು."

ದೆಕ್ಸಿಯಾಸ್ ಅವಳೊಬ್ಬಳ ಮೇಲೇ ಕಣ್ಣು ನೆಟ್ಟಿದ್ದ. "ನೀವೊಬ್ರು" ಎಂದ.

ಅವಳು ಮಗನನ್ನು ಬಿಟ್ಟು ಅವನ ಹತ್ತಿರ ಹೋದಳು. ಅವನ ಕೈ ಈಗಲೂ ನಡುಗುತ್ತಿತ್ತು. ಅವತ್ತು ಅದನ್ನು ಸುಳ್ಳುಗಾರನ ನಡುಕ ಎಂದು ತಿಳಿದಿದ್ದಳು. ಈಗ ಹತ್ತಿರದಿಂದ ನೋಡಿದರೆ, ಗಡ್ಡದೊಳಗೆ ತುಟಿಯೂ ಅದುರುತ್ತಿತ್ತು, ಕಣ್ಣಂಚಿನಲ್ಲಿ ನೀರು ನಿಂತಿತ್ತು. ಅವನಿಗೆ ಎಲ್ಲ ಕಾಣುತ್ತಿತ್ತು. ಒಂದೂವರೆ ವರ್ಷದಿಂದಲೂ ಕಾಣುತ್ತಲೇ ಇತ್ತು. ಹಾವಿನ ಮಾತು ಅಕ್ಷರಶಃ ನಿಜವಾಗಿತ್ತು, ಅವಳ ಅನುಮಾನವೇ ತಪ್ಪಾಗಿತ್ತು. ನಿಜ ಎಂದು ತಿಳಿದ ಮೇಲೆ ಅವಳಿಗೆ ಅವನ ಮೇಲೆ ಇನ್ನೂ ಹೇಸಿಗೆಯಾಯಿತು.

"ಅಯ್ಯಾ, ನೀನು ಕೊಲೆಗಾರ ಅಂತ ತಿಳ್ಕೊಂಡಿದ್ದೆ. ಕೊಲೆಗಾರರನ್ನಾದ್ರೂ ಒಂದು ದಿನ ಕ್ಷಮಿಸಬಹುದು" ಎಂದಳು. "ಆ ಬಡಪಾಯಿ ಮೂಳೆಗಳನ್ನ ಅದರ ಜಾಗದಲ್ಲಿ ಇಟ್ಟುಬಾ. ಕಲ್ಲು ಇದ್ರೆ ಇರ್ಲಿ, ನನಗೇನು."

ಬಂದರಿಗೆ ಹೋಗುವ ದಾರಿ ಬೇಲಿ ದಾಟಿದ ಕೂಡಲೇ ಇಳಿಜಾರು. ಬಿಸಿಲು ಓರೆಯಾಗಿತ್ತು. ಲೋಕ್ರಿಯ ಹಡಗು ಬೆಳಗಿನ ಗಾಳಿಗೆ ಹೊರಡುತ್ತದೆಂದು ಮೀಕಾ ಹೇಳಿದ್ದಳು. ಲಾಮಿಸ್ಕ ತಾಯಿಯ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು, ದಾರಿಬಿಟ್ಟು ಪಕ್ಕಕ್ಕೆ ಸರಿದು ನಿಂತ.

"ನೀನು ಮುಂದೆ ನಡಿಯವ್ವ. ದಾರಿ ತುಂಬ ಕಲ್ಲು. ನಾನು ಹಿಂದೆ ಇರ್ತೀನಿ, ಜಾರಿದ್ರೆ ಹಿಡ್ಕೊಳ್ತೀನಿ."

ಅವಳು ಹೆಜ್ಜೆ ಎತ್ತಿದಳು. ಎತ್ತಿದ ಹೆಜ್ಜೆಯನ್ನು ಅಲ್ಲೇ ಇಳಿಸಿದಳು. ಹುಡುಕಿಕೊಂಡು ಬಂದ ಮಗ ಸಿಕ್ಕಿದ್ದ. ತಾನು ಹೆತ್ತ ಕೈ, ತಾನು ಹೆತ್ತ ಭುಜ, ಒಂದೂ ಕಡಿಮೆಯಾಗಿರಲಿಲ್ಲ. ಆ ಮುಖವನ್ನು ಬಹಳ ಹೊತ್ತು ನೋಡಿದಳು. ತನ್ನ ಎತ್ತರದ ಹೆಣವನ್ನು ಹುಡುಕಿ ತಂದು, ತಾಯಿಯ ಗುದ್ದಲಿಯ ದಾರಿಯಲ್ಲಿ ಇಟ್ಟು, ಪಂಜು ಹಿಡಿದು ಕಾದು ನಿಂತವನು ಅದರೊಳಗೆ ಎಲ್ಲಿದ್ದಾನೆ ಎಂದು ಅವಳಿಗೆ ಗೊತ್ತಾಗಲಿಲ್ಲ.

"ಬೇಡ" ಎಂದಳು. "ನೀನೇ ಮುಂದೆ ನಡಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ತಾಯಿ ತನಗೆ ಬೆನ್ನು ಕೊಡಲೊಲ್ಲಳೆಂದು ಅರ್ಥವಾಯಿತು. ಅವನು ತಿರುಗಿ ಇಳಿಯತೊಡಗಿದ. ಅವಳು ಹತ್ತು ಹೆಜ್ಜೆ ದೂರ ಬಿಟ್ಟು ಹೊರಟಳು. ಎರಡು ಸಲ ಕಲ್ಲಿಗೆ ಎಡವಿದರೂ, ಬಂದರು ತಲುಪು‍ವವರೆಗೆ ಅವಳು ಅವನ ಬೆನ್ನಿನ ಮೇಲಿನ ಕಣ್ಣು ತೆಗೆಯಲಿಲ್ಲ.